ಉಳಿಸಿದ ಎರಡು ನಿಮಿಷ

ಎಂಟನೆಯ ತರಗತಿಯ ಹುಡುಗಿಯರ ಬಾಯಿ ಬಿಡಿಸಲು ನಾನೊಂದು ಉಪಾಯ ಮಾಡಿದ್ದೆ. ಬರೀ ಭಾಷಣವೆಂದರೆ ಅವರು ಅಣ್ಣನೋ ಅಪ್ಪನೋ ಬರೆದುಕೊಟ್ಟದ್ದನ್ನು ಉರುಹೊಡೆದು ಬರುತ್ತಾರೆ. ನಡುವೆ ಮರೆತು, ಜಡೆಯ ತುದಿ ತಿರುಚುತ್ತ ನಿಂತುಬಿಡುತ್ತಾರೆ. ಕೈಗೊಂದು ಕೆಲಸ ಸಿಕ್ಕರೆ ನಾಲಗೆ ತಾನಾಗಿ ಸಡಿಲವಾಗುತ್ತದೆ. ನೆರೆಮನೆಯವಳ ಜೊತೆ ಕೂತು ಅವರೆಕಾಯಿ ಸುಲಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಹಾಗಾಗಿ ಪ್ರತಿಯೊಬ್ಬಳೂ ತನಗೆ ಬರುವ ಒಂದು ಕೆಲಸವನ್ನು ಎಲ್ಲರ ಮುಂದೆ ಮಾಡಿ ತೋರಿಸುತ್ತ ಐದು ನಿಮಿಷ ಮಾತಾಡಬೇಕು ಎಂದೆ. 'ಪ್ರಾತ್ಯಕ್ಷಿಕೆ' ಎಂಬ ದೊಡ್ಡ ಹೆಸರನ್ನು ಬೋರ್ಡಿನ ಮೇಲೆ ಬರೆದೆ.

"ಮೊದಲು ನೀವು ಮಾಡಿ ತೋರಿಸಿ ಮಿಸ್" ಎಂದರು. ನ್ಯಾಯವಾದ ಮಾತೇ.

ನಾನು ಆರಿಸಿಕೊಂಡದ್ದು ಭೇದಿಯಾದವರಿಗೆ ಕೊಡುವ ಉಪ್ಪು-ಸಕ್ಕರೆಯ ನೀರು. ಈಗ ಓ.ಆರ್.ಎಸ್. ಪೊಟ್ಟಣ ಸರಕಾರಿ ಆಸ್ಪತ್ರೆಯಲ್ಲೂ ಆಶಾ ಕಾರ್ಯಕರ್ತೆಯರ ಬಳಿಯೂ ಸಿಗುತ್ತದೆ. ಆದರೆ ನಡುರಾತ್ರಿಯಲ್ಲಿ ಪೊಟ್ಟಣವಿಲ್ಲದ ಮನೆಗೆ ಡಬ್ಬಿಯ ಉಪ್ಪು ಸಕ್ಕರೆಯೇ ಗತಿ. ಅದಕ್ಕೊಂದು ಕಥೆಯೂ ಇತ್ತು. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಾಲುಸಾಲಾಗಿ ಸಾಯುತ್ತಿದ್ದರು. ನಾಳಕ್ಕೆ ಏರಿಸುವ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ವೈದ್ಯರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ. ನಮ್ಮ ಗೌರವಗಳು ಹೀಗೆಯೇ, ಹಾರ ಹಿಡಿದು ಬರುವ ಹೊತ್ತಿಗೆ ಕೊರಳು ಇರುವುದಿಲ್ಲ.

ಹಿಂದಿನ ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರು. ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಪ್ರತಿ ಚಮಚದ ತಲೆಯನ್ನೂ ಚಾಕುವಿನ ಬೆನ್ನಿನಿಂದ ಸವರಿ ಮಟ್ಟಸ ಮಾಡಿದ್ದು. ಕೊನೆಗೆ ಒಂದು ಗುಟುಕು ಕುಡಿದು ನೋಡಬೇಕು. ರುಚಿ ಕಣ್ಣೀರಿಗಿಂತ ಉಪ್ಪಾಗಿರಬಾರದು. ಎಲ್ಲ ಸೇರಿ ಏಳು ನಿಮಿಷವಾಯಿತು. ಐದೇ ನಿಮಿಷ ಎಂದು ನಿಯಮ ಮಾಡಿದವಳೇ ನಾನು. ಎಲ್ಲಿ ಕತ್ತರಿಸುವುದು? ಬನಗಾಂವಿನ ಕಥೆ ಬಿಡಲು ಮನಸ್ಸಾಗಲಿಲ್ಲ, ಹೇಳುವಾಗ ನನ್ನ ದನಿಯೇ ನನಗೆ ಚೆನ್ನಾಗಿ ಕೇಳಿಸಿತ್ತು. ಚಮಚ ಸವರುವುದು ಬೇಸರದ ಕೆಲಸ, ನೋಡುವುದಕ್ಕೂ ಚಂದವಲ್ಲ. ಸಕ್ಕರೆ ಉಪ್ಪುಗಳನ್ನು ಮೊದಲೇ ಅಳೆದು ಎರಡು ಬಟ್ಟಲಲ್ಲಿ ಇಟ್ಟುಕೊಂಡೆ. ನೀರನ್ನೂ ಅಳೆದು ಜಗ್ಗಿನಲ್ಲಿ ತುಂಬಿಟ್ಟೆ. ರುಚಿ ನೋಡುವುದನ್ನು ಕೈಬಿಟ್ಟೆ. ಎರಡು ನಿಮಿಷ ಉಳಿಯಿತು.

ಮಾರನೆಯ ದಿನ ಎಲ್ಲ ಸೊಗಸಾಗಿ ನಡೆಯಿತು. "ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು" ಎನ್ನುತ್ತ ಬಟ್ಟಲು ಬಗ್ಗಿಸಿದೆ, ಕಲಕಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತು ನೋಡಿದ ಹೆಡ್‌ಮಿಸ್ ಕೂಡ ಮೆಚ್ಚಿದರು.

ಮರುವಾರ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಸ್ಟಾಫ್‌ರೂಮಿನ ಹೊರಗೆ ನನಗಾಗಿ ಕಾಯುತ್ತಿದ್ದಳು. ಎರಡು ವರ್ಷದ ತಮ್ಮನಿಗೆ ಭೇದಿ ಹತ್ತಿತ್ತಂತೆ. ಅಮ್ಮ ಕೆಲಸಕ್ಕೆ ಹೋಗಿದ್ದಳು.

"ನೀವು ತೋರಿಸಿದ ಹಾಗೇ ಮಾಡಿದೆ ಮಿಸ್. ಅವನು ಒಂದು ಗುಟುಕೂ ಕುಡೀದೆ ಉಗಿದುಬಿಟ್ಟ. ಅಜ್ಜಿ ಬಾಯಿಗೆ ಹಾಕ್ಕೊಂಡು ನೋಡಿ, ಮಗೂನ ಕೊಲ್ತೀಯೇನೇ ಅಂತ ಬೈದು ಮೋರಿಗೆ ಚೆಲ್ಲಿದ್ರು."

ಯಾವ ಚಮಚ ಎಂದು ಕೇಳಿದೆ. ಸಾರು ಬಡಿಸುವ ದೊಡ್ಡ ಚಮಚ. ನೀರು? ಒಂದು ಚೊಂಬು. ಉಪ್ಪು? ಅರ್ಧ ಚಮಚವೇ, ಆದರೆ ಗೋಪುರದ ಹಾಗೆ. ಉಪ್ಪು ಹೆಚ್ಚಾದ ಆ ನೀರು ಭೇದಿಯಿಂದ ಬತ್ತಿದ ಮಗುವಿಗೆ ಔಷಧಿಯಲ್ಲ, ಅಪಾಯ. ಮಗುವಿನ ನಾಲಗೆ, ಅಜ್ಜಿಯ ನಾಲಗೆ ಕಾಪಾಡಿದವು. ಅಜ್ಜಿ ಮಾಡಿದ್ದು ನಾನು ಕೈಬಿಟ್ಟಿದ್ದ ಕೆಲಸವನ್ನೇ. ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದು, ಈಗ ಹುಷಾರಾಗಿದ್ದಾನೆ ಎಂದಮೇಲೆಯೇ ನಾನು ಕುರ್ಚಿಯಲ್ಲಿ ಕೂತದ್ದು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನಾನು ಸುಳ್ಳು ಹೇಳಿದೆನೆ? ಒಂದು ಮಾತೂ ಸುಳ್ಳಲ್ಲ. ಬಟ್ಟಲಲ್ಲಿ ಇದ್ದದ್ದು ಸರಿಯಾದ ಅಳತೆಯೇ. ಆದರೆ ಹೇಳುವವಳಿಗೂ ಮಾಡಿ ತೋರಿಸುವವಳಿಗೂ ವ್ಯತ್ಯಾಸವಿದೆ. ಹೇಳಿದ ಮಾತನ್ನು ಮಕ್ಕಳು ಅರ್ಧ ನಂಬುತ್ತಾರೆ, ಕೈಯನ್ನು ಪೂರ್ತಿ ನಂಬುತ್ತಾರೆ. ನನ್ನ ಕೈ ಮಾಡದ್ದು ಬೇಕಾಗಿಯೇ ಇಲ್ಲ ಎಂದು ಆ ಹುಡುಗಿ ತಿಳಿದಳು. ತಪ್ಪು ಅವಳದೆ? ಚೆನ್ನಾಗಿ ಕಾಣಿಸಿಕೊಳ್ಳುವ ಆಸೆಯಿಂದ ಬಿಟ್ಟದ್ದಕ್ಕೂ ಸುಳ್ಳಿಗೂ ನಡುವೆ ಎಷ್ಟು ಅಂತರ?

ಈ ವಿದ್ಯೆ ನಾನು ಕಲಿತದ್ದು ಎಲ್ಲಿ ಎಂದು ಯೋಚಿಸಿದೆ. ಬಿ.ಎಡ್. ಓದುವಾಗ ಹರ್ಬಾರ್ಟನ ಸೋಪಾನಗಳ ಪ್ರಕಾರ ಪಾಠಯೋಜನೆ ಬರೆಯುತ್ತಿದ್ದೆವು. ಪರೀಕ್ಷಕರು ಕೂರುವ ಪಾಠಕ್ಕೆ ಮುನ್ನಾದಿನ ಮಕ್ಕಳಿಗೆ ಗುಟ್ಟಾಗಿ ಹೇಳುತ್ತಿದ್ದೆವು: ಉತ್ತರ ಬರುವವರು ಬಲಗೈ ಎತ್ತಿ, ಬಾರದವರು ಎಡಗೈ ಎತ್ತಿ. ಎಲ್ಲ ಕೈಗಳೂ ಮೇಲೆ! ನನಗೆ ಒಳ್ಳೆಯ ಅಂಕಗಳೇ ಬಂದವು. ಎಡಗೈ ಎತ್ತಿ ಕೂತ ಆ ಮಕ್ಕಳಿಗೆ ಏನನ್ನಿಸಿತೋ ಎಂದು ಇಷ್ಟು ವರ್ಷ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ತರಗತಿಯಲ್ಲಿ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದಾಗ ಹಿರಿಯ ಸಹೋದ್ಯೋಗಿಯೊಬ್ಬರು ತಡೆದರು. "ಬೇಡಿ ಮೇಡಂ. ಇನ್ನೊಂದು ಸಲ ಸರಿಯಾಗಿ ತೋರಿಸಿ, ಸಾಕು. ಟೀಚರ್ ತಪ್ಪಿದರು ಅಂತ ಮನೆಗೆ ಹೋಗಿ ಹೇಳಿದರೆ ನಾಳೆ ಲಸಿಕೆ ಹಾಕಿಸಿ ಅಂದರೂ ನಂಬೋದಿಲ್ಲ." ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆ. ನಂಬಿಕೆಯಿಲ್ಲದ ತರಗತಿಯಲ್ಲಿ ಏನನ್ನೂ ಕಲಿಸಲಾಗದು. ಆದರೆ ನಾನು ಸುಮ್ಮನಿದ್ದರೆ, ತಪ್ಪು ಮಾಡಿದವಳು ತಾನೇ ಎಂದು ಆ ಹುಡುಗಿ ಜೀವನಪೂರ್ತಿ ತಿಳಿದಿರುತ್ತಾಳಲ್ಲ? ನನ್ನ ಮರ್ಯಾದೆಯ ಬೆಲೆಯನ್ನು ಅವಳು ಯಾಕೆ ತೆರಬೇಕು?

ಸೋಮವಾರ ದೊಡ್ಡ ಚಮಚ, ಟೀ ಚಮಚ, ಚೊಂಬು, ಲೀಟರ್ ಬಾಟಲಿ ಎಲ್ಲವನ್ನೂ ಮೇಜಿನ ಮೇಲಿಟ್ಟೆ. ಅವಳ ಹೆಸರು ಎತ್ತಲಿಲ್ಲ. "ಹೋದ ಸಲ ನಾನು ಇದನ್ನು ಬಿಟ್ಟೆ, ಸಮಯ ಉಳಿಸೋದಕ್ಕೆ" ಎಂದು ಚಾಕು ತೆಗೆದು ಚಮಚ ಸವರಿದೆ. ಆರು ಸಲವೂ. ತಪ್ಪು ಅಳತೆಯ ನೀರನ್ನೂ ಮಾಡಿ, ಎರಡರಲ್ಲೂ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಳ್ಳಲು ಹೇಳಿದೆ. ಮಕ್ಕಳು ಮುಖ ಹಿಂಡಿದರು, ಒಬ್ಬಳು ಕಿಸಕ್ಕನೆ ನಕ್ಕಳು. ಚಪ್ಪಾಳೆ ಬರಲಿಲ್ಲ. ನನ್ನ ಕಿವಿ ಬಿಸಿಯಾಗಿದ್ದವು. ನಂಬಿಕೆ ಹೆಚ್ಚಿತೋ ಕಡಿಮೆಯಾಯಿತೋ, ಅಳೆಯುವ ಚಮಚ ನನ್ನಲ್ಲಿಲ್ಲ.

ಆ ಹುಡುಗಿಯ ಸರದಿ ಶುಕ್ರವಾರ ಬಂತು. ಒಂದು ಹಿಡಿ ಮಲ್ಲಿಗೆ ಮೊಗ್ಗು, ನೀರಲ್ಲಿ ನೆನೆಸಿದ ಬಾಳೆನಾರು ತಂದಿದ್ದಳು. ಎರಡೆರಡು ಮೊಗ್ಗು ಎದುರುಬದುರಾಗಿ ಇಟ್ಟು, ನಾರು ಸುತ್ತಿ, ಕುಣಿಕೆ ಹಾಕಿ ಎಳೆದಳು. ನಾಲ್ಕನೆಯ ಗಂಟು ಜಾರಿ ಮೊಗ್ಗುಗಳು ನೆಲಕ್ಕೆ ಬಿದ್ದವು. ಅವಳು ಬಗ್ಗಿ ಆರಿಸಿಕೊಂಡಳು. "ಇಲ್ಲಿ ಎಲ್ಲರಿಗೂ ಜಾರುತ್ತೆ. ಯಾಕೆ ಅಂತ ತೋರಿಸ್ತೀನಿ" ಎಂದು ಅದೇ ಗಂಟನ್ನು ಬೇಕೆಂದೇ ಸಡಿಲವಾಗಿ ಹಾಕಿ, ಮತ್ತೆ ಬೀಳಿಸಿದಳು. ಐದು ನಿಮಿಷ ಎಂದೋ ಮುಗಿದಿತ್ತು. ನಾನು ಗಡಿಯಾರವನ್ನು ಮೇಜಿನ ಖಾನೆಯೊಳಗೆ ಇಟ್ಟೆ.