ಅಜ್ಜಯ್ಯ ಎಂಬ ಗ್ರಹ

ಬೇಸಗೆ ರಜೆಗೆ ಗಂಗೊಳ್ಳಿಗೆ ಬಂದ ಮಗಳ ಮಗನ ಮೇಲೆ ನನ್ನದೊಂದೇ ದೂರು. ಎದುರಿಗೆ ಪಂಚಗಂಗಾವಳಿ ಸಮುದ್ರ ಸೇರುವ ಅಳಿವೆ, ಹಿತ್ತಿಲಲ್ಲಿ ಮಾವು, ಮಾತಾಡಲು ಕೇರಿ ತುಂಬ ಜನ. ಇವನಿಗೆ ಮಾತ್ರ ಲ್ಯಾಪ್‌ಟಾಪಿನೊಳಗಿನ ಆಕಾಶವೇ ಬೇಕು. ಊಟಕ್ಕೆ ಮೂರು ಸಲ ಕರೆಯಬೇಕು. ಕಳೆದ ವರ್ಷ ಇವರು ತೀರಿಕೊಂಡಾಗ ಹುಡುಗ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಆ ನೋವೂ ನನ್ನ ದೂರಿನೊಳಗೆ ಸೇರಿಕೊಂಡಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ಮೀನು ಕೊಯ್ದು, ಕೈ ತೊಳೆದು, ಅವನ ಪಕ್ಕದಲ್ಲೇ ಕುಳಿತೆ. "ಅದ್ ಎಂತ, ತೋರ್ಸ್ ಕಾಂಬ" ಎಂದೆ.

ಆಟದ ಹೆಸರು 'ನೋ ಮ್ಯಾನ್ಸ್ ಸ್ಕೈ'. ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಚಿಕ್ಕ ಕಂಪನಿ 2016ರಲ್ಲಿ ಹೊರತಂದದ್ದು. ಅದರೊಳಗಿರುವ ಗ್ರಹಗಳ ಲೆಕ್ಕ ಬರೆಯಲು 18ರ ಮುಂದೆ 18 ಸೊನ್ನೆ ಹಾಕಬೇಕು. ಸೆಕೆಂಡಿಗೊಂದರಂತೆ ನೋಡುತ್ತ ಹೋದರೂ ಮುಗಿಯುವುದಕ್ಕೆ 58,000 ಕೋಟಿ ವರ್ಷ ಸಾಲದು! ಇಷ್ಟನ್ನೂ ಯಾರೂ ಕೂತು ಬಿಡಿಸಿದ್ದಲ್ಲ. ಒಳಗೊಂದು ಗಣಿತದ ಸೂತ್ರವಿದೆ. ನಾವು ಹತ್ತಿರ ಹೋದಂತೆ ಅದು ಬೆಟ್ಟ, ಗಿಡ, ಪ್ರಾಣಿಗಳನ್ನು ಹುಟ್ಟಿಸುತ್ತದೆ. ದೂರ ಸರಿದರೆ ಅವು ಮಾಯ. ಮತ್ತೆ ಹೋದರೆ ಅದೇ ಬೆಟ್ಟ ಅದೇ ಜಾಗದಲ್ಲಿ.

ನನಗೆ ಚುಕ್ಕಿ ರಂಗೋಲಿ ನೆನಪಾಯಿತು. ಎಳೆ ಎಳೆಯುವ ನಾಲ್ಕು ಕ್ರಮ ಗೊತ್ತಿದ್ದರೆ ದಿನಕ್ಕೊಂದು ಹೊಸ ರಂಗೋಲಿ ಹಾಕಬಹುದು. ಆದರೆ ತಿಂಗಳೊಪ್ಪತ್ತಿನಲ್ಲಿ ಪಕ್ಕದ ಮನೆಯವಳು, "ಎಲ್ಲವೂ ಒಂದೇ ಥರ ಕಾಣುತ್ತದಲ್ಲ" ಎನ್ನದೆ ಬಿಡುವುದಿಲ್ಲ. ಈ ಆಟಕ್ಕೂ ಹಾಗೇ ಆಯಿತಂತೆ. ಮಾತುಕೊಟ್ಟಿದ್ದ ಕೆಲವು ಸಂಗತಿಗಳು ಇರಲಿಲ್ಲ, ಗ್ರಹಗಳೆಲ್ಲ ಒಂದೇ ರೀತಿ ಎಂದು ಕೊಂಡವರು ಸಿಟ್ಟಾದರು. ಕಂಪನಿಯವರು ವರ್ಷಗಟ್ಟಲೆ ದುಡ್ಡಿಲ್ಲದೆ ಹೊಸದನ್ನು ಸೇರಿಸುತ್ತ ಆ ಸಾಲ ತೀರಿಸಿದರು. 2023ರಲ್ಲಿ 1000ಕ್ಕೂ ಹೆಚ್ಚು ಗ್ರಹಗಳೊಡನೆ ಬಂದ 'ಸ್ಟಾರ್‌ಫೀಲ್ಡ್' ಕೂಡ 'ಖಾಲಿ ಖಾಲಿ' ಎಂಬ ಮಾತು ಕೇಳಬೇಕಾಯಿತು.

ಹಾಗಾದರೆ ಮಾಡಿಟ್ಟ ಜಗತ್ತೊಂದನ್ನು ನಾವು ನಂಬುವುದು ಯಾವಾಗ? ವಿಸ್ತಾರದಿಂದ ಅಲ್ಲವೆಂಬುದು ನಮ್ಮ ಕಡೆಯವರಿಗೆ ಗೊತ್ತಿರುವ ಸಂಗತಿ. ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟವಿದೆ. ಮೊಳದೆತ್ತರದ ಮರದ ಗೊಂಬೆ, ಮಂಚದಷ್ಟಗಲದ ರಂಗ. ಚಿಕ್ಕವಳಿದ್ದಾಗ ಗೊಂಬೆಯಾಟ ನೋಡುತ್ತ ದಾರ ಕಾಣುವುದನ್ನೇ ಮರೆತಿದ್ದೆ. ಆಟ ಮುಗಿದು ಪರದೆಯ ಹಿಂದಿನಿಂದ ಆಡಿಸುವವರ ಕೈಯೊಂದು ಹೊರಬಂದಾಗ, ಅದು ರಾಕ್ಷಸನ ಕೈಯೆಂದು ಕಿರುಚಿ ಅಮ್ಮನ ಸೆರಗು ಹಿಡಿದುಕೊಂಡೆ. ಆ ಹೊತ್ತಿಗೆ ಗೊಂಬೆಯ ಅಳತೆಯೇ ನನ್ನ ಅಳತೆಯಾಗಿತ್ತು. ಭಾಗವತರ ಪದ ಅರ್ಧ ಕೆಲಸ ಮಾಡಿದರೆ, ಉಳಿದರ್ಧ ಮಾಡಿದ್ದು ನನ್ನ ಹೆದರಿಕೆ, ನನ್ನ ಮರುಕ.

"ಈ ಆಟದಾಗೆ ನೀನ್ ಸತ್ರೆ?" ಎಂದು ಕೇಳಿದೆ. "ಮತ್ತೆ ಶುರು ಮಾಡೂದ್, ಅಮ್ಮಮ್ಮ" ಎಂದ. ಅಲ್ಲಿಗೆ ನನಗೆ ಗೆದ್ದಷ್ಟು ಖುಷಿಯಾಯಿತು. ಕಳಕೊಳ್ಳುವುದಕ್ಕೇ ಏನೂ ಇಲ್ಲದ ಕಡೆ ನಂಬುವುದಾದರೂ ಏನನ್ನು? ನಮ್ಮ ಅಳಿವೆಯಲ್ಲಿ ಮಗುಚಿದ ದೋಣಿ ಮತ್ತೆ ಶುರುವಾಗುವುದಿಲ್ಲ.

ಅಷ್ಟರಲ್ಲಿ ಅವನು ಇನ್ನೊಂದು ಗ್ರಹಕ್ಕಿಳಿದ. ನೀಲಿ ಕಡಲು, ದಂಡೆಯಲ್ಲೊಂದು ಸಣ್ಣ ಮನೆ. ಮೊದಲು ಕಂಡುಹಿಡಿದವರು ಗ್ರಹಕ್ಕೆ ಹೆಸರಿಡಬಹುದಂತೆ, ಮನೆಯನ್ನೂ ಕಟ್ಟಬಹುದಂತೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಅಜ್ಜಯ್ಯ' ಎಂದಿತ್ತು.

"ಇಪ್ಪತ್ತ್ ಗ್ರಹ ಹುಡ್ಕಿದೆ ಅಮ್ಮಮ್ಮ. ಇಲ್ಲ್ ಬಿರುಗಾಳಿ ಇಲ್ಲೆ" ಎಂದ, ನನ್ನ ಮುಖ ನೋಡದೆ.

ಮೂವತ್ತು ವರ್ಷ ಇವರು ಬೋಟಿಗೆ ಹೋದವರು. ಗಾಳಿ ಎದ್ದ ರಾತ್ರಿಗಳಲ್ಲಿ ನಾನು ನಿದ್ದೆಗೆಟ್ಟು ಕುಳಿತ ಕತೆಯನ್ನು ಈ ಹುಡುಗ ಚಿಕ್ಕಂದಿನಲ್ಲಿ ನನ್ನ ಬಾಯಿಂದಲೇ ಕೇಳಿದ್ದ. ಅಳಲಿಲ್ಲವೆಂದು ನಾನು ಯಾರನ್ನು ದೂರಿದ್ದೆನೋ ಅವನು ಅಜ್ಜನಿಗಾಗಿ ಗಾಳಿಯಿಲ್ಲದ ಕಡಲು ಹುಡುಕುತ್ತಿದ್ದ.

ಇದು ಸುಳ್ಳು ಸಮಾಧಾನವಲ್ಲವೇ ಎಂದು ನೀವು ಕೇಳಬಹುದು. ನಾವು ಕಾಗೆಗೆ ಎಡೆ ಇಡುತ್ತೇವೆ. ಕಾಗೆ ನಮ್ಮವರಲ್ಲವೆಂದು ನಮಗೂ ಗೊತ್ತು. ಆದರೂ ಅದು ಮುಟ್ಟುವ ತನಕ ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಅಷ್ಟರ ಮಟ್ಟಿಗೆ ಅವನ ಗ್ರಹವೂ ನಿಜವೇ. ಅದನ್ನು ನಿಜ ಮಾಡಿದ್ದು ಕಂಪನಿಯ ಸೂತ್ರವಲ್ಲ, ಅವನು ಹೊತ್ತುಕೊಂಡು ಹೋದ ದುಃಖ. ಉಳಿದ ಕೋಟಿ ಕೋಟಿ ಗ್ರಹಗಳು ಖಾಲಿಯಾಗಿರುವುದು ಅಲ್ಲಿಗೆ ಯಾರೂ ಏನನ್ನೂ ಒಯ್ಯದ ಕಾರಣಕ್ಕೇ ಇರಬೇಕು.

ಆದರೂ ನನ್ನದೊಂದು ಅಳುಕು ಉಳಿದಿದೆ. ಕಾಗೆ ಕೆಲವೊಮ್ಮೆ ಬರುವುದೇ ಇಲ್ಲ. ಬಿರುಗಾಳಿಯಿಲ್ಲದ ಗ್ರಹವನ್ನೇ ಆರಿಸಿಕೊಳ್ಳಬಹುದಾದ ಕಡೆ ಮನಸ್ಸು ಹೆಚ್ಚು ದಿನ ನಿಂತರೆ, ಹೇಳಿದ ಮಾತು ಕೇಳದ ಈ ಕಡಲಿನ ಜೊತೆ ಬದುಕುವುದು ಮರೆತುಹೋದೀತು. ನಂಬುವಂಥ ಜಗತ್ತಿಗೂ ಬಾಳುವಂಥ ಜಗತ್ತಿಗೂ ನಡುವೆ ಅಷ್ಟು ವ್ಯತ್ಯಾಸ ಇದ್ದೇ ಇದೆ. ಅದನ್ನು ಹುಡುಗನಿಗೆ ಬೋಧನೆ ಮಾಡಿ ತಿಳಿಸುವುದು ನನ್ನಿಂದಾಗಲಿಲ್ಲ. "ಚೆಂದ ಇತ್ತ್ ಮಗಾ" ಎಂದೆ, ಅಷ್ಟೆ.

ಸಂಜೆ ಕರೆಯದೆಯೇ ಅವನು ನನ್ನ ಜೊತೆ ಬಂದರಿಗೆ ಬಂದ. ಜೂನ್ 1ಕ್ಕೆ ಮೀನುಗಾರಿಕೆ ನಿಲ್ಲುವ ಮುಂಚಿನ ಗಡಿಬಿಡಿ. ಬೋಟುಗಳು ಒಂದೊಂದಾಗಿ ಒಳಬರುತ್ತಿದ್ದವು. ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಯ್ಯ ಯಾವ್ ಬದಿಗ್ ಹೋಯ್ತಿದ್ರ್?" ಎಂದು ಕೇಳಿದ.

ನಾನು ಅಳಿವೆಯ ಕಡೆ ಕೈ ತೋರಿಸಿದೆ. ಅಲ್ಲಿ ಗಾಳಿ ಏಳುತ್ತಿತ್ತು.