ಶಾಲೆಯ ಪಾಠ, ಮನೆಯ ಪ್ರಾರ್ಥನೆ



ಜೂನ್ ಬಂತೆಂದರೆ ವಹಿ, ಪುಸ್ತಕ, ಫೀ ಇವುಗಳದೇ ಚಿಂತೆ. ನಮ್ಮ ಮಕ್ಕಳಿಗೆ ದೇವರ ಪಾಠ ಹೇಳುವವರು ಯಾರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ.

ನಾಗಣಸೂರದ ಕಡೆ ಮಗು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೋದರೆ ಭಾಷೆ ಉಳಿಯುತ್ತದೆ. ಆದರೆ ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅದು ನ್ಯಾಯವೇ. ಸೊಲ್ಲಾಪುರದಂಥ ಪಟ್ಟಣದ ಕ್ರೈಸ್ತ ಶಾಲೆಗೆ ಕಳಿಸಿದರೆ ಧರ್ಮೋಪದೇಶ ಸಿಕ್ಕೀತು. ಆದರೆ ಅದು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ. ಅಲ್ಲಿ ಅದೇ ಬೆಂಚಿನ ಮೇಲೆ ಬೇರೆ ಧರ್ಮದ ಮಕ್ಕಳೂ ಇರುತ್ತಾರೆ. ಪಾಲಕರ ಒಪ್ಪಿಗೆಯಿಲ್ಲದೆ ಅವರನ್ನು ನಮ್ಮ ಧರ್ಮದ ಪಾಠಕ್ಕೆ ಕೂಡಿಸುವಂತಿಲ್ಲ. ಅದೂ ಅದೇ ವಿಧಿಯ ಮಾತು. ಹೀಗಾಗಿ ನೀತಿಪಾಠ ಎಲ್ಲರಿಗೂ, ಧರ್ಮೋಪದೇಶ ನಮ್ಮವರಿಗೆ.

ನೀತಿಪಾಠವೊಂದೇ ಸಾಕು ಎನ್ನುವವರು ನಮ್ಮಲ್ಲೂ ಇದ್ದಾರೆ. 1979ರ ಅಕ್ಟೋಬರಿನಲ್ಲಿ ಧರ್ಮೋಪದೇಶದ ಬಗ್ಗೆ ಬರೆದ ಪ್ರೇಷಿತ ಪ್ರಬೋಧನೆಯಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಇದನ್ನು ಒಪ್ಪಲಿಲ್ಲ. ಪರಧರ್ಮದ ಮಕ್ಕಳ ಮನಸ್ಸಾಕ್ಷಿಯನ್ನು ಗೌರವಿಸಬೇಕು, ಆದರೆ ಆ ನೆಪದಲ್ಲಿ ನಮ್ಮ ಮಕ್ಕಳಿಗೆ ಧರ್ಮೋಪದೇಶ ತಪ್ಪಬಾರದು ಎಂಬುದು ಅವರ ನಿಲುವು. ಅದರಲ್ಲಿಯೇ, ಮನೆಯ ಧರ್ಮೋಪದೇಶ ಉಳಿದೆಲ್ಲಕ್ಕಿಂತ ಮೊದಲಿನದು ಎಂದರು.

ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುವ ಮಕ್ಕಳಲ್ಲಿ ನಾವು ಕಾಣುವುದು ಇದನ್ನೇ. ಇಂಗ್ಲಿಷಿನಲ್ಲಿ ಪ್ರಾರ್ಥನೆ ಪಟಪಟನೆ ಬರುತ್ತದೆ. 'ಇದನ್ನ ಮನಿಯಾಗ ಆಯಿಗೆ ಹೇಳಿ ಏನವ್ವಾ?' ಅಂದರೆ ಹುಡುಗಿ ನೆಲ ನೋಡುತ್ತಾಳೆ. ಆಯಿಗೆ ಇಂಗ್ಲಿಷ್ ಬಾರದು, ಇವಳಿಗೆ ಕನ್ನಡದ ಪರಲೋಕ ಮಂತ್ರ ಬಾರದು. ಒಂದೇ ಮನೆ, ಒಂದೇ ದೇವರು, ಕೂಡಿ ಪ್ರಾರ್ಥಿಸಲು ಮಾತಿಲ್ಲ! ಶಾಲೆಯನ್ನು ದೂರಿ ಫಲವಿಲ್ಲ, ಕಲಿಸಬೇಕಾದವರು ನಾವು.

ಸಂತ ಮಾರ್ಕರು ಶುಭಸಂದೇಶ ಬರೆದದ್ದು ಗ್ರೀಕಿನಲ್ಲಿ. ಆದರೆ ಗೆತ್ಸೆಮನೆ ತೋಪಿನಲ್ಲಿ ಯೇಸು ತಂದೆಯನ್ನು ಕರೆದ 'ಅಬ್ಬಾ' ಎಂಬ ಅರಮಾಯಿಕ್ ಮಾತನ್ನು ಹಾಗೆಯೇ ಉಳಿಸಿದರು. ಅದು ನಜರೇತಿನ ಮನೆಯಲ್ಲಿ ಕಲಿತ ಮಾತು. ಕಷ್ಟದ ರಾತ್ರಿ ಪ್ರಭುವಿನ ಬಾಯಿಗೆ ಬಂದದ್ದು ಅದೇ. ನಮ್ಮ 'ಅಪ್ಪ'ನಿಗೆ ಎಷ್ಟು ಹತ್ತಿರ!

ಆದ್ದರಿಂದ ಭಾನುವಾರ ಪೂಜೆಯ ನಂತರದ ತರಗತಿಗೆ ಮಕ್ಕಳನ್ನಷ್ಟೇ ಕಳಿಸಬೇಡಿ. ಮನೆಯಲ್ಲಿ ಆಯಿ, ಮುತ್ಯಾ ಇದ್ದರೆ ಅವರನ್ನೂ ಕರೆತನ್ನಿ. ಪ್ರಾರ್ಥನೆ ಅವರು ಹೇಳಿಕೊಡಲಿ, ಪಾಠ ನಾವು ನೋಡಿಕೊಳ್ಳುತ್ತೇವೆ.