ಬಖ್ತ್ ಬುಲಂದನ ಭಾಗ್ಯ

ನಾಗಪುರ ಎಂದರೆ ನಮಗೆ ಕಿತ್ತಳೆ ಹಣ್ಣು, ದೀಕ್ಷಾಭೂಮಿ, ಬೇಸಿಗೆಯ ಉರಿ. ಆ ಊರು ಕಟ್ಟಿದ ಗೊಂಡ ಅರಸನ ಹೆಸರು ನಮ್ಮಲ್ಲಿ ಹೆಚ್ಚು ಜನ ಕೇಳಿಲ್ಲ.

ದೇವಗಢದ ಗದ್ದುಗೆಗೆ ದಾಯಾದಿಗಳ ಜಗಳ ಹತ್ತಿದಾಗ ಆತ ಔರಂಗಜೇಬನ ಮೊರೆ ಹೊಕ್ಕ. ಇಸ್ಲಾಂ ಸ್ವೀಕರಿಸಿದ. 1686ರಲ್ಲಿ ರಾಜ್ಯ ಸಿಕ್ಕಿತು, ಜೊತೆಗೆ ‘ಬಖ್ತ್ ಬುಲಂದ್’, ಅಂದರೆ ಉನ್ನತ ಭಾಗ್ಯದವನು ಎಂಬ ಹೆಸರೂ. ಅದೇ ವರ್ಷ ನಮ್ಮ ಬಿಜಾಪುರದ ಆದಿಲಶಾಹಿ ಮುಗಿಯಿತು. ಇಲ್ಲಿ ಕಿರೀಟ ಕಿತ್ತ ಕೈಯೇ ಅಲ್ಲಿ ತೊಡಿಸಿತ್ತು. 1691ರ ಹೊತ್ತಿಗೆ ಅದನ್ನೂ ಕಿತ್ತುಕೊಂಡಿತು. ಬಖ್ತ್ ಬುಲಂದ್ ಮುಂದೆ ದಂಗೆಯೆದ್ದ. ಕೆರಳಿದ ಬಾದಶಹ ಮಾಡಿದ ಅಪ್ಪಣೆ ನೋಡಿ: ಇನ್ನು ಇವನನ್ನು ‘ನಿಗೂನ್ ಬಖ್ತ್’, ಭಾಗ್ಯಗೇಡಿ ಎಂದೇ ಕರೆಯತಕ್ಕದ್ದು!

ದಂಡು ಕಳಿಸಿದ್ದಕ್ಕಿಂತ ಈ ಅಪ್ಪಣೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಮನ್ನಣೆ ಬೇಡಿ ದರಬಾರಿಗೆ ಹೋದವನ ಹೆಸರೂ ದರಬಾರಿನ ಸ್ವತ್ತಾಗಿಬಿಟ್ಟಿತು. ಕೊಟ್ಟವನದಾದರೂ ಏನು ಉಳಿಯಿತು? 1705ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆತ ಸುರಪುರದ ಪಿಡ್ಡನಾಯಕನ ವಾಗಣಗೇರಿಗೆ ಮುತ್ತಿಗೆ ಹಾಕಿ ಕೂತಿದ್ದ. ಎರಡು ವರ್ಷದಲ್ಲಿ ಖುಲ್ದಾಬಾದಿನ ಮಣ್ಣು ಸೇರಿದ.

ಭಾಗ್ಯಗೇಡಿ ಮಾತ್ರ ಅಷ್ಟರಲ್ಲಿ ನಾಗ ನದಿಯ ಬಳಿಯ ಹನ್ನೆರಡು ಹಳ್ಳಿಗಳನ್ನು ಕೂಡಿಸಿ ಊರು ಕಟ್ಟಿದ್ದ. 1702 ಎನ್ನುತ್ತಾರೆ. ಮಗ ಚಾಂದ್ ಸುಲ್ತಾನ ಅದನ್ನು ರಾಜಧಾನಿ ಮಾಡಿಕೊಂಡ, ಕೆರೆ ಕಟ್ಟಿಸಿದ. ಅವನು ಸತ್ತ ಮೇಲೆ ಮತ್ತೆ ದಾಯಾದಿ ಕಲಹ. ವಿಧವೆ ರಾಣಿ ರತನ್ ಕುಂವರ್ ಸಹಾಯಕ್ಕೆ ಕರೆದ ರಘೂಜಿ ಭೋಸಲೆ 1743ರಲ್ಲಿ ಮನೆಯೊಡೆಯನೇ ಆಗಿ ಕೂತ. ಆದರೂ ಗೊಂಡ ರಾಜನನ್ನು ಓಡಿಸಲಿಲ್ಲ. ಪಿಂಚಣಿ ಕೊಟ್ಟು ಇಟ್ಟುಕೊಂಡ. ಪಟ್ಟಕ್ಕೇರುವ ಭೋಸಲೆಯ ಹಣೆಗೆ ತಿಲಕ ಇಡುವುದು ಆ ಪಿಂಚಣಿದಾರನ ಹಕ್ಕು. ರಾಜ್ಯ ಕಳೆದುಕೊಂಡವನು ರಾಜ್ಯ ಕಸಿದವನ ಹಣೆಗೆ ಬೆರಳು ತಾಗಿಸುವ ಆ ಗಳಿಗೆಯಲ್ಲಿ ಇಬ್ಬರಿಗೂ ಏನನ್ನಿಸುತ್ತಿತ್ತೋ!

1853ರಲ್ಲಿ ಕೊನೆಯ ರಘೂಜಿ ಮಕ್ಕಳಿಲ್ಲದೆ ತೀರಿಕೊಂಡ. ಮರುವರ್ಷ ಡಾಲ್‌ಹೌಸಿ ರಾಜ್ಯ ನುಂಗಿದ. ಅರಮನೆಯ ಒಡವೆಗಳು ಕಲ್ಕತ್ತೆಯಲ್ಲಿ ಹರಾಜಾದವು. ಹಣೆಯೇ ಇಲ್ಲವಾದ ಮೇಲೆ ತಿಲಕದ ಹಕ್ಕು ಯಾರಿಗೆ ಬೇಕು? 1861ರಿಂದ ನಾಗಪುರ ಬ್ರಿಟಿಷರ ಮಧ್ಯಪ್ರಾಂತ್ಯದ ರಾಜಧಾನಿ. ಅದೂ ಹೋಯಿತು. 1956ರ ನವೆಂಬರ್ 1, ಕನ್ನಡ ನಾಡು ಒಂದಾಯಿತೆಂದು ನಾವು ಹಬ್ಬ ಮಾಡಿದ ದಿನವೇ, ನಾಗಪುರದ ರಾಜಧಾನಿ ಪಟ್ಟ ಕಳಚಿತು. ಈಗ ಚಳಿಗಾಲದ ಅಧಿವೇಶನಕ್ಕೆಂದು ಮುಂಬೈಯ ಸರ್ಕಾರ ಅಲ್ಲಿಗೆ ಬಂದು, ಕೆಲವು ದಿನವಿದ್ದು ಹೋಗುತ್ತದೆ.